ಸಾಮಥ್ರ್ಯ ಅಲ್ಲ, ಸಾಮರ್ಥ್ಯ: ಹಳೆಯ ಕನ್ನಡ ಜಾಲತಾಣವೊಂದನ್ನು ಯೂನಿಕೋಡ್‌ಗೆ ತಂದ ಪ್ರಕರಣ

ಇದು ಸಣ್ಣ ಊರೊಂದರ ಕನ್ನಡ ಮಾಸಪತ್ರಿಕೆಯ ಜಾಲತಾಣದ ಪ್ರಕರಣ. ಪತ್ರಿಕೆಯ ಹೆಸರು, ಊರು, ಜನರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡ ಕನ್ನಡ ಬರಹ ಇನ್ನೂ ಎಷ್ಟೋ ಸಂಘ, ಪತ್ರಿಕೆ, ಗ್ರಂಥಾಲಯಗಳ ಕಂಪ್ಯೂಟರುಗಳಲ್ಲಿ ಬಿದ್ದಿದೆ. ಅದನ್ನು ಹೊರತೆಗೆಯಲು ಹೊರಟವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಪತ್ರಿಕೆ ನಡೆಸುವವರು ನಿವೃತ್ತ ಶಿಕ್ಷಕರು. ಊರಿಗೆಲ್ಲ ಅವರು ಮೇಷ್ಟ್ರು. ತಂಬುಳಿ, ಹಳೆಯ ಬಾವಿಗಳು, ಕೆರೆ, ಕಾಡುಹಣ್ಣು, ಮನೆಮದ್ದು, ಅಜ್ಜಿಯರ ಹಾಡು, ಇವೇ ಅದರ ವಿಷಯ. ಬೇರೆಲ್ಲೂ ಅಚ್ಚಾಗದ ಸಂಗತಿಗಳು. ಪುಟ ಕಟ್ಟುವುದು ಒಬ್ಬ ಅಕ್ಕ. ಶುರುವಿನಿಂದಲೂ ಡಿಟಿಪಿ ಅವರದ್ದೇ, ಪೇಜ್‌ಮೇಕರ್‌ನಲ್ಲಿ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಫಾಂಟಿನಲ್ಲಿ. 2003ರಲ್ಲಿ ಯಾರೋ ಒಬ್ಬ ಅಭಿಮಾನಿ ಪತ್ರಿಕೆಗೆ ಜಾಲತಾಣ ಮಾಡಿಕೊಟ್ಟರು. ಅಕ್ಕ ಟೈಪ್ ಮಾಡಿದ್ದನ್ನೇ ಎಚ್‌ಟಿಎಮ್‌ಎಲ್ ಪುಟಗಳಿಗೆ ಅಂಟಿಸುತ್ತಾ ಹೋದರು. 2015ರ ಹೊತ್ತಿಗೆ ಸುಮಾರು 1,900 ಲೇಖನ ಆಗಿದ್ದವು.

ನುಡಿಯ ಹಳೆಯ ಫಾಂಟುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಆ ಪುಟಗಳಲ್ಲಿ ಕನ್ನಡ ಅಕ್ಷರವೇ ಇಲ್ಲ. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ 'ಕನ್ನಡ' ಎನ್ನುವ ಪದ ಕಾಣುವುದು ಹೀಗೆ: ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೊಂದು ಓರೆ ಗೀಟು ಇರುವ 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ 'ಎ', ಜರ್ಮನ್ ಭಾಷೆಯ ಜೋಡಿ 'ಎಸ್', ಸಣ್ಣ 'ಕ್ಯು', ಮತ್ತೆ ಗೀಟಿನ 'ಎ'. ಇವುಗಳ ಚಿತ್ರದ ಜಾಗದಲ್ಲಿ ಫಾಂಟು ಕನ್ನಡದ ಚಿತ್ರ ಕೂರಿಸುತ್ತದೆ. ನೋಡುವ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಅದು ಯುರೋಪಿನ ಅಕ್ಷರಗಳ ರಾಶಿ, ಅಷ್ಟೇ.

ಆಗ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಒಂದೊಂದು ಲಿಪಿಯ ಅಕ್ಷರಗಳಿಗೂ ಅವುಗಳದ್ದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿದ್ದರೂ, ಮನೆ ಮನೆಯ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಕಾಣಲು ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟು ಬರಬೇಕಾಯಿತು. ಜಾಲತಾಣ ಮಾಡಿದವರು ಫಾಂಟು ತಾನಾಗಿ ಇಳಿಯುವ ವ್ಯವಸ್ಥೆಯನ್ನೂ ಹಾಕಿದ್ದರು. ಆದರೆ ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು.

ಸಮಸ್ಯೆ

ಜನ ಫೋನಿಗೆ ಬಂದರು. ಫೋನಿನಲ್ಲಿ ಪತ್ರಿಕೆಯ ತುಂಬಾ ಗೀಟು, ಪೌಂಡು. ಮೇಷ್ಟ್ರು ನನ್ನನ್ನು ಕರೆಸಿದ್ದು 2018ರಲ್ಲಿ. ಅದಕ್ಕೆ ಕಾರಣ ಮಾತ್ರ ಫೋನಲ್ಲ. ದೃಷ್ಟಿ ಇಲ್ಲದ ಒಬ್ಬ ಓದುಗರು ಅವರಿಗೆ ಕರೆ ಮಾಡಿದ್ದರು. ಪರದೆ ಓದುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಅವರು ಬಳಸುತ್ತಾರೆ. ಅದರ ಜೊತೆ ಬರುವ ಈಸ್ಪೀಕ್ ದನಿಗೆ ಕನ್ನಡ ಓದಲು ಬರುತ್ತದೆ. "ಬೇರೆ ಕಡೆಯ ಕನ್ನಡ ಓದುತ್ತೆ ಸಾರ್. ನಿಮ್ಮ ಪತ್ರಿಕೆಗೆ ಹೋದ್ರೆ ಬರೀ ಪೌಂಡ್ ಪೌಂಡ್ ಅನ್ನುತ್ತೆ" ಎಂದಿದ್ದರು. ಪ್ರತಿ 'ನ' ಅಕ್ಷರಕ್ಕೂ ಒಂದು ಪೌಂಡು!

ಮೇಷ್ಟ್ರು ಅದನ್ನು ನನಗೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದ್ರೆ ಇಷ್ಟು ವರ್ಷ ನಾವು ಹಾಕಿದ್ದು ಕನ್ನಡ ಅಲ್ವೇನಪ್ಪಾ?"

ಆ ಪ್ರಶ್ನೆಯೇ ಇಡೀ ಕೆಲಸಕ್ಕೆ ದಿಕ್ಕು ಕೊಟ್ಟಿತು. ಅವರಿಗೆ ಬೇಕಿದ್ದದ್ದು ಹೊಸ ವಿನ್ಯಾಸ ಅಲ್ಲ. ಬರೆದದ್ದು ಬರಹವಾಗಿ ಇರಬೇಕು, ಹುಡುಕಿದರೆ ಸಿಗಬೇಕು, ಓದಿಸಿದರೆ ಓದಬೇಕು.

ನನಗಿಂತ ಮೊದಲು ಒಂದು ಪ್ರಯತ್ನ ಆಗಿತ್ತು. ಪೇಜ್‌ಮೇಕರ್ ಪುಟಗಳನ್ನು ಪಿಡಿಎಫ್ ಮಾಡಿ ಏರಿಸಿದ್ದರು. ಫೋನಿನಲ್ಲಿ ಕಾಣುವ ತೊಂದರೆ ಅದರಿಂದ ನೀಗಿತು, ಏಕೆಂದರೆ ಪಿಡಿಎಫ್ ಒಳಗೆ ಫಾಂಟೂ ಸೇರಿರುತ್ತದೆ. ಆದರೆ ಅಲ್ಲಿಂದ ಒಂದು ಸಾಲು ನಕಲು ಮಾಡಿದರೆ ಮತ್ತೆ ಅದೇ ಪೌಂಡು. ಗೂಗಲ್‌ಗೂ ಕಂಡದ್ದು ಅದೇ. ಎರಡಂಕಣದ ಪುಟವನ್ನು ಫೋನಿನಲ್ಲಿ ಅತ್ತಿತ್ತ ಎಳೆದು ಓದುವ ಕಷ್ಟ ಬೇರೆ. ಆರು ಸಂಚಿಕೆಗೇ ಅದು ನಿಂತಿತ್ತು.

ಮೊದಲ ಪರಿವರ್ತನೆ

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಎಂದು ತೀರ್ಮಾನವಾಯಿತು. ಮೊದಲ ದಿನವೇ ಒಂದು ಒಳ್ಳೆಯ ಕೆಲಸ ಮಾಡಿದೆವು. ಹಳೆಯ ಫೋಲ್ಡರನ್ನು ಹಾಗೆ ಹಾಗೇ ಎರಡು ಡಿಸ್ಕಿಗೆ ನಕಲು ಮಾಡಿ, ಬದಲಿಸಲು ಆಗದಂತೆ ಬೀಗ ಹಾಕಿದೆವು. ಇದು ಎಷ್ಟು ಮುಖ್ಯ ಎಂದು ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ.

ಪುಟಗಳಿಂದ ಬರಹವನ್ನು ಮಾತ್ರ ತೆಗೆದು, ಸಿದ್ಧವಾಗಿ ಸಿಗುವ ಒಂದು ಪರಿವರ್ತಕಕ್ಕೆ ಹಾಕಿದೆ. ಒಂದೇ ಸಂಜೆಗೆ 1,900 ಲೇಖನ ಕನ್ನಡವಾದವು. ಅಕ್ಕ ಮೊದಲು ತೆರೆದದ್ದು ಒಂದೆಲಗದ ತಂಬುಳಿಯ ಲೇಖನ. ಅದರಲ್ಲಿ ಆವರಣದೊಳಗೆ ಸಸ್ಯಶಾಸ್ತ್ರದ ಹೆಸರು ಸೆಂಟೆಲಾ ಏಷ್ಯಾಟಿಕಾ ಎಂದು ಇಂಗ್ಲಿಷಿನಲ್ಲಿ ಇತ್ತು. ಈಗ ಅಲ್ಲಿ 'ಅ'ದಿಂದ ಶುರುವಾಗುವ, ಅರ್ಥವೇ ಇಲ್ಲದ ಅಕ್ಷರಗಳ ಮುದ್ದೆ. ಇಂಗ್ಲಿಷಿನ ದೊಡ್ಡ 'ಸಿ' ಇರುವ ಮನೆಯಲ್ಲಿ ನುಡಿ ಫಾಂಟು 'ಅ' ಇಟ್ಟಿದೆ. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ಗೊತ್ತಾಗುವುದು ಹೇಗೆ?

ಗೊತ್ತಾಗುವ ದಾರಿ ಇತ್ತು. ಅದನ್ನು ನಾನೇ ಕಿತ್ತು ಬಿಸಾಡಿದ್ದೆ. ಮೂಲ ಪುಟದಲ್ಲಿ ಪ್ರತಿ ತುಣುಕಿನ ಸುತ್ತ ಫಾಂಟ್ ಟ್ಯಾಗ್ ಇತ್ತು. ನುಡಿ ಎಂದಿದ್ದರೆ ಕನ್ನಡ, ಏರಿಯಲ್ ಎಂದಿದ್ದರೆ ಇಂಗ್ಲಿಷ್. ಬರಹ ಮಾತ್ರ ಸಾಕು ಎಂದು ಟ್ಯಾಗ್ ತೆಗೆದದ್ದೇ ತಪ್ಪು. ಬೀಗ ಹಾಕಿಟ್ಟ ಮೂಲಕ್ಕೆ ಹಿಂದಿರುಗಿ, ಟ್ಯಾಗ್ ನೋಡಿಕೊಂಡು ಪರಿವರ್ತಿಸುವ ಸಣ್ಣ ಪ್ರೋಗ್ರಾಂ ಬರೆದೆ. ಸಸ್ಯಗಳ ಹೆಸರು ವಾಪಸ್ ಬಂದವು.

ಅರ್ಕಾವತ್ತಿನ ಕಥೆ

ಇನ್ನೊಂದು ತಪ್ಪು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಕ್ಕ ಹಿಡಿದರು. "ಸಾಮಥ್ರ್ಯ ಅಂತ ಬಂದಿದೆ ನೋಡಿ. ಇದನ್ನ ಟಿವಿಯ ಕೆಳಗಿನ ಸಾಲಿನಲ್ಲೂ ನೋಡಿದೀನಿ, ಎಲ್ಲಿಂದ ಬರುತ್ತೆ ಅಂತ ಗೊತ್ತಿರಲಿಲ್ಲ."

ಎಲ್ಲಿಂದ ಬರುತ್ತದೆ ಎಂದರೆ, ಇಲ್ಲಿಂದ. 'ಸಾಮರ್ಥ್ಯ' ಬರೆಯುವಾಗ ಉಚ್ಚಾರದಲ್ಲಿ ಮೊದಲು 'ರ್' ಬರುತ್ತದೆ, ಆಮೇಲೆ 'ಥ್ಯ'. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ಹಳೆಯ ಫಾಂಟು ಬರೆಯುವ ಕ್ರಮದಲ್ಲಿ ಇಡುತ್ತದೆ. ಅಂದರೆ 'ಥ', ಅದರ ಯ-ಒತ್ತು, ಎಲ್ಲ ಮುಗಿದ ಮೇಲೆ ಕೊನೆಗೆ ಅರ್ಕಾವತ್ತು. ಪರಿವರ್ತಕ ಆ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ಒಯ್ಯಬೇಕು. ನಮ್ಮ ಪರಿವರ್ತಕ ಒಂದೇ ವ್ಯಂಜನ ದಾಟಿಸಿ ಇಳಿಸುತ್ತಿತ್ತು. 'ವರ್ಷ', 'ಕಾರ್ಯ', 'ಕರ್ನಾಟಕ'ಕ್ಕೆ ಅಷ್ಟು ಸಾಕು. ಒತ್ತಕ್ಷರ ಇದ್ದಲ್ಲಿ ಅದು 'ಥ'ಕ್ಕೂ 'ಯ'ಕ್ಕೂ ನಡುವೆ ಸಿಕ್ಕಿಕೊಳ್ಳುತ್ತಿತ್ತು. 'ಅರ್ಘ್ಯ' ಹೋಗಿ 'ಅಘ್ರ್ಯ' ಆಯಿತು. 'ಮರ್ತ್ಯ' ಹೋಗಿ 'ಮತ್ರ್ಯ' ಆಯಿತು.

ನಾನು ಅವಸರ ಮಾಡಿದೆ. ಬಂದ ಫಲಿತಾಂಶದ ಮೇಲೆಯೇ 'ಹುಡುಕಿ ಬದಲಿಸು' ಓಡಿಸಿದೆ. ವ್ಯಂಜನ, ರ-ಒತ್ತು, ಯ-ಒತ್ತು ಒಟ್ಟಿಗೆ ಕಂಡರೆ 'ರ್' ಅನ್ನು ವ್ಯಂಜನಕ್ಕಿಂತ ಮೊದಲು ಇಡು ಎಂದು. ಸಾಮರ್ಥ್ಯ ಸರಿಯಾಯಿತು. ಸ್ವಾತಂತ್ರ್ಯ ಕೆಟ್ಟಿತು! ಆಗಸ್ಟ್ ಸಂಚಿಕೆಗಳ ತುಂಬಾ 'ಸ್ವಾತಂರ್ತ್ಯ'. 'ದಾರಿದ್ರ್ಯ'ವೂ ಹಾಳು. ಕನ್ನಡದಲ್ಲಿ 'ತ್ರ್ಯ' ಕೆಲವು ಪದಗಳಲ್ಲಿ ಸರಿ, ಕೆಲವು ಕಡೆ ತಪ್ಪು. ಬಂದ ಫಲಿತಾಂಶವನ್ನು ಮಾತ್ರ ನೋಡಿದರೆ ಯಾವುದು ಯಾವುದೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಮೂಲದಲ್ಲಿ ಮಾತ್ರ ಅದು ಸ್ಪಷ್ಟ. ಸ್ವಾತಂತ್ರ್ಯದಲ್ಲಿ ಇರುವುದು ರ-ಒತ್ತು, ಮರ್ತ್ಯದಲ್ಲಿ ಇರುವುದು ಅರ್ಕಾವತ್ತು. ಎರಡಕ್ಕೂ ಹಳೆಯ ಫಾಂಟಿನಲ್ಲಿ ಬೇರೆ ಬೇರೆ ಸಂಕೇತ.

ಇಲ್ಲಿ ನಾವು ಮಾಡಿದ ತೀರ್ಮಾನ ಇಡೀ ಪ್ರಕರಣದ ದೊಡ್ಡ ತಿರುವು. ಫಲಿತಾಂಶವನ್ನು ಎಂದೂ ತೇಪೆ ಹಾಕಬಾರದು. ತಪ್ಪು ಕಂಡರೆ ಪರಿವರ್ತಕವನ್ನು ತಿದ್ದಿ, ಮೂಲದಿಂದ ಎಲ್ಲ 1,900 ಲೇಖನಗಳನ್ನೂ ಮತ್ತೆ ಓಡಿಸಬೇಕು. ಓಡಿಸಲು ಹಿಡಿಯುವುದು ಕೆಲವೇ ನಿಮಿಷ. ಹಾಗೆ ಎಷ್ಟು ಸಲ ಓಡಿಸಿದೆವೋ ಲೆಕ್ಕ ಇಟ್ಟಿಲ್ಲ.

ತಪ್ಪು ಹುಡುಕುವ ಒಂದು ಉಪಾಯವೂ ಸಿಕ್ಕಿತು. ಪದಗಳನ್ನಲ್ಲ, ಒತ್ತಕ್ಷರದ ಗುಂಪುಗಳನ್ನು ಎಣಿಸಿದೆವು. ಇಡೀ ಸಂಗ್ರಹದಲ್ಲಿ 'ಕ್ಕ' ಎಷ್ಟು ಸಲ, 'ಸ್ತ್ರ' ಎಷ್ಟು ಸಲ, ಹೀಗೆ. ಪಟ್ಟಿಯ ಮೇಲ್ಭಾಗದಲ್ಲಿ ಎಲ್ಲ ಪರಿಚಿತ ಮುಖಗಳು. ಬಾಲದಲ್ಲಿ ಒಂದೋ ಎರಡೋ ಸಲ ಬರುವ ವಿಚಿತ್ರ ಗುಂಪುಗಳು. ಅಕ್ಕ ಆ ಬಾಲವನ್ನು ಕೆಂಪು ಪೆನ್ನು ಹಿಡಿದು ಓದಿದರು. ಕನ್ನಡದಲ್ಲಿ ಇರಲಾರದ ಅಕ್ಷರ ಅವರ ಕಣ್ಣಿಗೆ ತಟ್ಟನೆ ಬೀಳುತ್ತಿತ್ತು. 1,900 ಲೇಖನ ಓದುವ ಬದಲು ನಾಲ್ಕು ಹಾಳೆ ಓದಿದರೆ ಸಾಕಾಯಿತು. ಈ ಕೆಲಸ ಹಿಡಿದವರಿಗೆಲ್ಲ ನಾನು ಮೊದಲು ಹೇಳುವುದು ಈ ಉಪಾಯವನ್ನೇ.

ಒಂಬತ್ತು ಮತ್ತು ಸೊನ್ನೆ

ಆ ಪಟ್ಟಿಯಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಕೊನೆಯ ಕೆಲವು ವರ್ಷಗಳ ಲೇಖನಗಳಲ್ಲಿ ಒಂದಷ್ಟು ಬರಹ ಯೂನಿಕೋಡ್‌ನಲ್ಲೇ ಇತ್ತು. ಲೇಖಕರು ಇಮೇಲ್‌ನಲ್ಲಿ ಕಳಿಸಿದ್ದನ್ನು ಹಾಗೇ ಜಾಲತಾಣಕ್ಕೆ ಅಂಟಿಸಿದ್ದರು. ಅದರಲ್ಲಿ 'ಕನಾ೯ಟಕ', 'ಬೆ೦ಗಳೂರು'. ನೋಡಲು ಏನೂ ತಪ್ಪಿಲ್ಲ. ಆದರೆ ಮೊದಲನೆಯದರಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಇದೆ. ಎರಡನೆಯದರಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರ ಅಲ್ಲ, ಅಂಕಿಯ ಸೊನ್ನೆ ಇದೆ. ಯಾರಾದರೂ ಕರ್ನಾಟಕ ಎಂದು ಹುಡುಕಿದರೆ ಈ ಲೇಖನ ಸಿಗುವುದಿಲ್ಲ.

ಇದನ್ನು ಯಂತ್ರದಿಂದ ತಿದ್ದುವಾಗ '೧೯೦೦ರಲ್ಲಿ' ಎಂಬಂಥ ಪದಗಳು ಕಾದು ಕುಳಿತಿದ್ದವು. ಅಕ್ಷರದ ಪಕ್ಕದ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡು ಎಂದರೆ ಇಸವಿಯೇ ಹಾಳಾಗುತ್ತದೆ. ಅಂಕಿಯ ಹಿಂದೆ ಏನಿದೆ ಎಂದು ಮಾತ್ರ ನೋಡಬೇಕು. ಹಿಂದೆ ಅಕ್ಷರ ಇದ್ದರೆ ತಿದ್ದು, ಇನ್ನೊಂದು ಅಂಕಿ ಇದ್ದರೆ ಮುಟ್ಟಬೇಡ. ಇಷ್ಟು ಸಣ್ಣ ನಿಯಮ ಕಂಡುಕೊಳ್ಳಲು ಅರ್ಧ ದಿನ ಹೋಯಿತು.

ವಿಳಾಸಗಳನ್ನು ಕೆಡಿಸಿದ್ದು

ಬರಹ ಸಿದ್ಧವಾಯಿತು. ವರ್ಡ್‌ಪ್ರೆಸ್‌ನಲ್ಲಿ ಹೊಸ ತಾಣ ಕಟ್ಟಿದೆ. ಪುಟಗಳ ವಿಳಾಸವೂ ಕನ್ನಡದಲ್ಲೇ ಇರಲಿ ಎಂದು ನನಗೆ ಆಸೆ. ಶೀರ್ಷಿಕೆಯಿಂದಲೇ ವಿಳಾಸ ಹುಟ್ಟುವಂತೆ ಬಿಟ್ಟೆ. ಇದು ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು.

ವರ್ಡ್‌ಪ್ರೆಸ್ ವಿಳಾಸದ ಆ ತುಣುಕಿಗೆ ಇಟ್ಟಿರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡ ಹಾಗೆ ಉಳಿಯುವುದಿಲ್ಲ. 'ಕ' ಎಂಬ ಒಂದೇ ಅಕ್ಷರ ವಿಳಾಸದಲ್ಲಿ ಶೇಕಡಾ ಚಿಹ್ನೆ, ಇ-ಸೊನ್ನೆ, ಮತ್ತೆ ಚಿಹ್ನೆ, ಬಿ-ಎರಡು, ಮತ್ತೆ ಚಿಹ್ನೆ, ತೊಂಬತ್ತೈದು ಎಂದು ಒಂಬತ್ತು ಅಕ್ಷರ ತಿನ್ನುತ್ತದೆ. ಸ್ವರಚಿಹ್ನೆಗಳಿಗೂ ತಲಾ ಒಂಬತ್ತು. ಹೀಗಾಗಿ ಕನ್ನಡಕ್ಕೆ ಸಿಗುವುದು ಹೆಚ್ಚೆಂದರೆ 22. 'ಮಲೆನಾಡಿನ ಹಳೆಯ ಬಾವಿಗಳು ಭಾಗ ಒಂದು' ಎಂಬ ಶೀರ್ಷಿಕೆಯ ವಿಳಾಸ 'ಭಾ' ಎಂಬಲ್ಲಿಗೆ ಕತ್ತರಿಸಿ ಹೋಯಿತು. ಭಾಗ ಎರಡೂ 'ಭಾ', ಭಾಗ ಮೂರೂ 'ಭಾ'. ಒಂದೇ ವಿಳಾಸ ಆಗಬಾರದೆಂದು ವರ್ಡ್‌ಪ್ರೆಸ್ ಕೊನೆಗೊಂದು ಸಂಖ್ಯೆ ಸೇರಿಸುತ್ತದೆ. ಅದು ಲೇಖನ ಒಳಗೆ ಬಂದ ಕ್ರಮದಲ್ಲಿ. ಹಾಗಾಗಿ ನಾಲ್ಕನೆಯ ಭಾಗಕ್ಕೆ 2 ಬಂತು. ವಾಟ್ಸಾಪ್‌ನಲ್ಲಿ ಕೊಂಡಿ ಹಂಚಿದರೆ ಪರದೆಯ ಅರ್ಧ ಭಾಗ ಶೇಕಡಾ ಚಿಹ್ನೆಗಳು.

ಅದಕ್ಕಿಂತ ನೋವಿನ ಸಂಗತಿ ಬೇರೆ ಇತ್ತು. ಹಳೆಯ ವಿಳಾಸಗಳೆಲ್ಲ ಸತ್ತವು. ಹಳೆಯ ಪುಟಗಳ ತಲೆಬರಹದಲ್ಲಿ ಲೇಖನದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಗೂಗಲ್‌ಗೆ ಅರ್ಥವಾಗುತ್ತಿದ್ದದ್ದು ಅದೊಂದೇ, ಮತ್ತು ಅದರ ಬಲದಿಂದಲೇ ಜನ ಬರುತ್ತಿದ್ದರು. ಕನ್ನಡ ವಿಕಿಪೀಡಿಯದ ಕೆಲವು ಪುಟಗಳೂ ಇಲ್ಲಿನ ಲೇಖನಗಳನ್ನು ಆಧಾರವಾಗಿ ಕೊಟ್ಟಿದ್ದವು. ಯಾವ ಕೊಂಡಿ ಒತ್ತಿದರೂ 'ಪುಟ ಸಿಗಲಿಲ್ಲ'. ಮೂರೇ ವಾರದಲ್ಲಿ ಓದುಗರ ಸಂಖ್ಯೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಕನ್ನಡ ಸರಿಯಾಯಿತು, ಓದುವವರು ಹೋದರು.

ಗಾಬರಿಯಲ್ಲಿ ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿದೆ. ಇದು ಜಾಸ್ತಿ ಜನ ಮಾಡುವ ತಪ್ಪು. ತಂಬುಳಿ ಹುಡುಕಿ ಬಂದವರಿಗೆ ಮುಖಪುಟ ತೋರಿಸಿದರೆ ಏನು ಪ್ರಯೋಜನ, ಅಲ್ವಾ? ಗೂಗಲ್ ಕೂಡ ಅದನ್ನು ಒಪ್ಪುವುದಿಲ್ಲ. ತಾಣ ನಡೆಸುವವರಿಗೆ ಅದು ವರದಿ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಅವನ್ನೆಲ್ಲ 'ಸಾಫ್ಟ್ 404' ಎಂದು ಗುರುತಿಸಿತು. ಅಂದರೆ, ಇದೆ ಎಂದು ಹೇಳುತ್ತಿದ್ದೀರಿ, ಇಲ್ಲದ ಪುಟ.

ಸರಿಪಡಿಸಿದ್ದು

ಮತ್ತೆ ಕೂತೆವು. ವಿಳಾಸಕ್ಕೆ ಶೀರ್ಷಿಕೆ ಬೇಡ. ಇಸವಿ, ತಿಂಗಳು, ಲೇಖನದ ಸಂಖ್ಯೆ ಸಾಕು. ಅಚ್ಚಾದ ಸಂಚಿಕೆಯ ಇಸವಿ, ತಿಂಗಳು ಎಂದೂ ಬದಲಾಗುವುದಿಲ್ಲ. ಶೀರ್ಷಿಕೆಯಲ್ಲಿ ಕಾಗುಣಿತ ತಿದ್ದಿದರೂ ವಿಳಾಸ ಅಲುಗುವುದಿಲ್ಲ. ಹಳೆಯ ಕಡತಗಳ ಹೆಸರಿನಲ್ಲೂ ಇದ್ದದ್ದು ತಿಂಗಳು ಮತ್ತು ಸಂಖ್ಯೆಯೇ. ಅವನ್ನು ಮಾಡಿದ ಆ ಅಭಿಮಾನಿ ನನಗಿಂತ ಸರಿಯಾಗಿ ಯೋಚಿಸಿದ್ದರು.

ಆಮೇಲೆ ಹಳೆಯದಕ್ಕೆ ಹೊಸದು, ಒಂದಕ್ಕೆ ಒಂದು ಎಂದು ಪಟ್ಟಿ ಮಾಡಿ 301 ಹಾಕಿದೆವು, ಅಂದರೆ ಶಾಶ್ವತವಾಗಿ ವಿಳಾಸ ಬದಲಾಗಿದೆ ಎಂಬ ಸೂಚನೆ. ಹಳೆಯ ವಿಳಾಸಗಳು ಮೂರು ಕಡೆಯಿಂದ ಸಿಕ್ಕವು: ಬೀಗ ಹಾಕಿಟ್ಟ ಫೋಲ್ಡರು, ಯಾರು ಯಾವ ಪುಟ ಕೇಳಿದರೆಂದು ಸರ್ವರು ಬರೆದಿಡುವ ಲಾಗ್, ಹಳೆಯ ಜಾಲಪುಟಗಳ ನಕಲು ಕಾಪಾಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್. ಲಾಗ್ ಕಲಿಸಿದ್ದು ಎಲ್ಲಕ್ಕಿಂತ ಜಾಸ್ತಿ. ಪಟ್ಟಿಯಲ್ಲಿ ಇದ್ದ ವಿಳಾಸಗಳೇ ಮತ್ತೆ ಮತ್ತೆ ಸಿಗದೆ ಹೋಗುತ್ತಿದ್ದವು. ಕಾರಣ ಹಳೆಯ ಸರ್ವರು ವಿಂಡೋಸ್, ಹೊಸದು ಲಿನಕ್ಸ್. ವಿಂಡೋಸ್‌ಗೆ ಕಡತದ ಹೆಸರಿನಲ್ಲಿ ದೊಡ್ಡ 'ಎ' ಆದರೂ ಒಂದೇ, ಸಣ್ಣ 'ಎ' ಆದರೂ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಕಡತ. ವರ್ಷಗಟ್ಟಲೆ ಜನ ಎರಡೂ ರೀತಿ ಕೊಂಡಿ ಕೊಟ್ಟಿದ್ದರು. ಬಂದ ವಿಳಾಸವನ್ನು ಮೊದಲು ಸಣ್ಣಕ್ಷರಕ್ಕೆ ಇಳಿಸಿ ಆಮೇಲೆ ಪಟ್ಟಿ ನೋಡು ಎಂದು ಹೇಳಿದ ಮೇಲೆ ಅದು ನಿಂತಿತು.

ತಾಣದೊಳಗಿನ ಹುಡುಕಾಟಕ್ಕೂ ಕೈ ಹಾಕಿದೆವು. 'ಸಾಫ್ಟ್‌ವೇರ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬರುತ್ತದೆ, 'ವ' ಒತ್ತಾಗಿ ಕೆಳಗೆ ಇಳಿಯದಿರಲಿ ಎಂದು. ಎಲ್ಲರೂ ಅದನ್ನು ಹಾಕುವುದಿಲ್ಲ. ಹಾಗಾಗಿ ಹುಡುಕುವ ಪ್ರತಿಯಲ್ಲಿ ಆ ಗುರುತನ್ನು ತೆಗೆದೆವು, ಓದುವ ಪ್ರತಿಯಲ್ಲಿ ಉಳಿಸಿದೆವು.

ನೋಟದ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಸಾಲುಗಳ ನಡುವಿನ ಅಂತರ ಇಂಗ್ಲಿಷಿನ ಅಳತೆಯಲ್ಲಿ ಇತ್ತು. 'ರಾಷ್ಟ್ರ', 'ಸ್ತ್ರೀ' ಬಂದಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತಿತ್ತು. ಶೀರ್ಷಿಕೆಗಳಲ್ಲಂತೂ ಕತ್ತರಿಸಿಯೇ ಹೋಗುತ್ತಿತ್ತು. ಅಂತರವನ್ನು ಅಕ್ಷರದ 1.7 ಪಟ್ಟು ಮಾಡಿದೆವು. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಮ್‌ಎಲ್‌ನಲ್ಲಿ ಹೇಳಿದೆವು. ಒಂದೇ ಒಂದು ಪದದ ಸೇರ್ಪಡೆ ಅದು. ಓದುವ ತಂತ್ರಾಂಶ ಕನ್ನಡದ ದನಿಗೆ ತಾನಾಗಿ ಬದಲಾಗುವುದು ಅದನ್ನು ನೋಡಿಯೇ.

ಆದದ್ದು

ಓದುಗರು ಹಳೆಯ ಮಟ್ಟಕ್ಕೆ ಬರಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ನಿಧಾನವಾಗಿ ಏರಿತು. ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿ ಬರುವವರು ಮೊದಲ ಸಲ ಕಾಣಿಸಿದರು. ಒಂದೆಲಗದ ಲೇಖನ ಈಗ ಎಲ್ಲಕ್ಕಿಂತ ಹೆಚ್ಚು ಓದುವ ಪುಟ.

ಪೌಂಡ್ ಎಂದು ಕರೆ ಮಾಡಿದ್ದ ಓದುಗರಿಗೆ ಮೇಷ್ಟ್ರೇ ಫೋನ್ ಮಾಡಿ ಹೇಳಿದರು. ಅವರು ಒಂದು ವಾರ ಓದಿ, ಏಳು ತಪ್ಪುಗಳ ಪಟ್ಟಿ ಕಳಿಸಿದರು. ಕಣ್ಣಿನಲ್ಲಿ ಓದುವ ನಾವು ದಾಟಿಹೋಗಿದ್ದ ತಪ್ಪುಗಳು ಅವು. ಒಂದು ಕಡೆ 'ಳ' ಇರಬೇಕಾದಲ್ಲಿ 'ಲ' ಇತ್ತು. ಅದು 2004ರಲ್ಲಿ ಅಚ್ಚಿನಲ್ಲೇ ಆಗಿದ್ದ ತಪ್ಪು. ಅಂದಿನಿಂದ ಪ್ರತಿ ಲೇಖನದ ಕೆಳಗೆ 'ತಪ್ಪು ಕಂಡಿತೇ? ತಿಳಿಸಿ' ಎಂಬ ಕೊಂಡಿ ಇದೆ. ಅಚ್ಚಿನ ತಪ್ಪನ್ನು ತಿದ್ದಿದರೆ ಕೆಳಗೆ ಅದನ್ನು ಬರೆಯುತ್ತೇವೆ. ಪತ್ರಿಕೆಯ ಬರಹ ದಾಖಲೆಯೂ ಹೌದು ಎಂದು ಮೇಷ್ಟ್ರ ಹಟ.

ನನ್ನ ಕೆಲಸದ ರೀತಿಯಲ್ಲಿ ಎರಡು ಬದಲಾವಣೆ ಆಗಿದೆ. ಯಾವ ಹಳೆಯ ತಾಣವನ್ನು ಮುಟ್ಟುವ ಮೊದಲೂ ಅದರ ವಿಳಾಸಗಳ ಪೂರ್ತಿ ಪಟ್ಟಿ ತೆಗೆದಿಟ್ಟುಕೊಳ್ಳುತ್ತೇನೆ, ವಿನ್ಯಾಸದ ಮಾತು ಆಮೇಲೆ. ಎರಡನೆಯದು, ಭಾಷೆ ಬಲ್ಲವರನ್ನು ಕೊನೆಗೆ ತಪ್ಪು ತಿದ್ದಲು ಕರೆಯುವುದಿಲ್ಲ, ಮೊದಲ ದಿನವೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅಕ್ಕ ಇಲ್ಲದಿದ್ದರೆ ಸಾಮಥ್ರ್ಯ ಇಂದಿಗೂ ಅಲ್ಲೇ ಇರುತ್ತಿತ್ತು.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ಊರಿನ ಮುದ್ರಣಾಲಯಕ್ಕೆ ಈಗಲೂ ಪೇಜ್‌ಮೇಕರ್ ಕಡತವೇ ಬೇಕು, ಹಳೆಯ ಫಾಂಟೇ ಬೇಕು. ಮೊದಲು ಅಕ್ಕ ಅದರಲ್ಲೇ ಟೈಪ್ ಮಾಡಿ, ಆಮೇಲೆ ಜಾಲತಾಣಕ್ಕೆ ಪರಿವರ್ತಿಸುತ್ತಿದ್ದರು. ಈಗ ಕ್ರಮ ತಿರುಗಿಸಿದ್ದಾರೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಕರಡು ತಿದ್ದಿ ಮುಗಿದ ಮೇಲೆ ಮುದ್ರಣಾಲಯಕ್ಕಾಗಿ ಹಳೆಯ ಫಾಂಟಿಗೆ ಇಳಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಮುದ್ರಣಾಲಯದಲ್ಲೇ ಏನಾದರೂ ತಿದ್ದಿದರೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು, ಜಾಲತಾಣದಲ್ಲೂ ತಿದ್ದಿ, ಚೀಟಿಯನ್ನು ಆ ತಿಂಗಳ ಸಂಚಿಕೆಯೊಳಗೆ ಇಡುತ್ತಾರೆ.